‘ಶುಭಂ’ಗಿಂತ ಮೊದಲೇ ಹೊರಡುವ ಬಸ್ಸು

ಸಿನಿಮಾದ ಬಗ್ಗೆ ನನ್ನ ಜ್ಞಾನವೆಲ್ಲ ಮುಕ್ಕಾಲು ಪಾಲಿನದು. ಇದು ವಿನಯದ ಮಾತಲ್ಲ, ಬಸ್ಸಿನ ಮಾತು. ನಾನು ಜಾಲಹಳ್ಳಿಯಲ್ಲಿ ಮಾಸ್ತರನಾಗಿದ್ದ ಕಾಲದಲ್ಲಿ ರಾಯಚೂರಿಗೆ ಹೋಗಿ ಸಿನಿಮಾ ನೋಡುವವರಿಗೆಲ್ಲ ಒಂದೇ ಕಷ್ಟ: ನಮ್ಮ ಕಡೆಯ ಕೊನೆಯ ಬಸ್ಸು ಚಿತ್ರದ ಕೊನೆಗಿಂತ ಮೊದಲೇ ಹೊರಡುತ್ತಿತ್ತು. ಖಳನಾಯಕನ ಎದೆಗೆ ಪಿಸ್ತೂಲು ತಾಗುವ ಹೊತ್ತಿಗೆ ನಮ್ಮ ಸಾಲು ಎದ್ದು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿತ್ತು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ, ಎಲ್ಲರನ್ನೂ ರಟ್ಟೆ ಹಿಡಿದು ಎಬ್ಬಿಸುವ ಪುಣ್ಯದ ಕೆಲಸ ತಾನಾಗಿಯೇ ಒದಗಿತ್ತು.

ಆಗ ನಾವೆಲ್ಲ ಹುಚ್ಚಾಗಿದ್ದ ಒಂದು ಸಿನಿಮಾ. ನಾಯಕನ ಮಗಳನ್ನು ಕೊಂದ ಶ್ರೀಮಂತರ ಮಗನೊಬ್ಬನನ್ನು ಸಾಕ್ಷಿಯಿಲ್ಲವೆಂದು ಕೋರ್ಟು ಬಿಟ್ಟುಬಿಡುತ್ತದೆ. ತಂದೆ ತಾನೇ ಹೋಗಿ ಅವನ ಕಥೆ ಮುಗಿಸುತ್ತಾನೆ, ಅದೂ ಸಾಕ್ಷಿಯಿಲ್ಲದಂತೆ. ಹಿಂದೆಯೇ ಒಬ್ಬ ಇನ್ಸ್‌ಪೆಕ್ಟರು. ಆ ಚಿತ್ರದ ಕೋರ್ಟನ್ನು ನೀವು ನೋಡಬೇಕು. ನೋಟಿಸು ಮುಟ್ಟಿಲ್ಲ ಎನ್ನುವವರಿಲ್ಲ, ಮುಂದಿನ ತಾರೀಖು ಕೇಳುವವರಿಲ್ಲ. ಕೂತಲ್ಲೇ ವಾದ, ನಿಂತಲ್ಲೇ ತೀರ್ಪು. ನಾಯಕನಿಗೆ ಅನ್ಯಾಯವಾದದ್ದು ನಿಜ, ಆದರೆ ಎಷ್ಟು ಬೇಗ ಆಯಿತು! ನಮ್ಮ ಕಡೆ ಅಂಥ ಅನ್ಯಾಯ ಕೈಗೆ ಸಿಗಬೇಕಾದರೂ ವಕೀಲರ ಮಗ ದೊಡ್ಡವನಾಗಿ ವಕೀಲನಾಗಬೇಕು. ಇನ್ನು ಆ ತಂದೆ ಕರಿಕೋಟು ತೊಟ್ಟು ಮೆಟ್ಟಿಲಿಳಿಯುವಾಗ ಕೇಳುವ ಬೂಟಿನ ಸದ್ದು! ಇಡೀ ಥಿಯೇಟರಿಗೆ ಕೇಳುವ ಆ ಬೂಟು ಪೊಲೀಸರಿಗೆ ಮಾತ್ರ ಕೇಳುವುದಿಲ್ಲ.

ಕೊನೆಗೆ ಇನ್ಸ್‌ಪೆಕ್ಟರಿಗೆ ಆ ಕೋಟಿನ ಒಂದು ಗುಂಡಿ ಸಿಗುತ್ತದೆ. ಅವನು ತಂದೆಯ ಮನೆಗೆ ಬಂದು ಬಾಗಿಲು ಬಡಿಯುತ್ತಾನೆ. ಅಲ್ಲಿಗೆ ನಮ್ಮ ಬಸ್ಸು.

ಮುಂದಿನದನ್ನು ಊರು ಮುಟ್ಟುವುದರೊಳಗೆ ಪ್ರತಿಯೊಬ್ಬರೂ ತಾವೇ ತಯಾರಿಸಿಕೊಂಡರು. ನನ್ನ ಪ್ರಕಾರ ತಂದೆಯ ಕೈಗೆ ಕೋಳ. ಮಾಸ್ತರರ ತಲೆಯಲ್ಲಿ ಬೇರೇನು ಹುಟ್ಟೀತು? ಗೆಳೆಯ ಹನುಮಂತಪ್ಪನ ಪ್ರಕಾರ ಇನ್ಸ್‌ಪೆಕ್ಟರೇ ತಂದೆಯ ಕಾಲಿಗೆ ಬೀಳುತ್ತಾನೆ. ಜಗಳ ಬಿಡಿಸಲು ಕಂಡಕ್ಟರನನ್ನು ಕೇಳಿದೆವು. “ನಾ ಎಲ್ಲಿ ನೋಡ್ಲಿರೀ, ಬಸ್ಸಿನ್ಯಾಗ ಇರ್ತೀನಲ್ಲ” ಅಂದ.

ಹೀಗೆ ನೋಡದ ಕೊನೆಯೊಂದನ್ನು ನಂಬಿಕೊಂಡು ಇಬ್ಬರೂ ಮುದುಕರಾದೆವು. ಈ ಬೇಸಿಗೆಯವರೆಗೆ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಈ ಬೇಸಿಗೆ ಹನುಮಂತಪ್ಪ ಕಲ್ಲೂರಿಗೆ ಮದುವೆಗೆ ಹೋಗಿದ್ದಾಗ, ಪಕ್ಕದ ಮನೆಯ ಶರಣಪ್ಪ ಇವನ ಅಂಗಳದ ಬೇವಿನ ಮರವನ್ನು ಕಡಿಸಿಬಿಟ್ಟ. ಕಾರಣ, ತನ್ನ ಮನೆಗೆ ಹೊದಿಸಿದ ಹೊಸ ತಗಡಿನ ಮೇಲೆ ಎಲೆಗಳು ಬೀಳುತ್ತವೆ. ಶರಣಪ್ಪನ ಅಂಗಳದಲ್ಲೂ ಒಂದು ಬೇವಿನ ಮರವಿದೆ. ಅದರ ಎಲೆಗಳೂ ಅದೇ ತಗಡಿನ ಮೇಲೆ ಬೀಳುತ್ತವೆ. ಆದರೆ ಸ್ವಂತ ಮರದ ಎಲೆ ಯಾರಿಗೆ ತಾನೇ ಕಸವಾಗಿ ಕಂಡೀತು? ಹನುಮಂತಪ್ಪ ಚಹಾ ಕುಡಿಯುತ್ತಿದ್ದುದು, ಅವನ ಹೆಂಡತಿ ಜೋಳ ಹಸನು ಮಾಡುತ್ತಿದ್ದುದು, ಅರ್ಧ ಓಣಿ ಮಧ್ಯಾಹ್ನ ಅಡ್ಡಾಗುತ್ತಿದ್ದುದು ಆ ಕಡಿದುಹೋದ ಮರದ ಕೆಳಗೆ. ನಮ್ಮ ಬಿಸಿಲು ಕಂಡವರಿಗೆ, ಇದು ಕೊಲೆಯೇ ಎಂದು ನಾನು ವಿವರಿಸಬೇಕಾಗಿಲ್ಲ. ದೇವದುರ್ಗದ ವಕೀಲರೊಬ್ಬರು ಎಲ್ಲ ಕೇಳಿಕೊಂಡು, ದಾವಾ ಹಾಕಿದರೆ ಪರಿಹಾರ ಬರಬಹುದು ಅಂದರಂತೆ. “ಪರಿಹಾರದ ಕೆಳಗ ಕೂಡಾಕ ಬರ್ತದೇನ್ರೀ?” ಎಂದು ಕೇಳಿ ಇವನು ಎದ್ದು ಬಂದ.

ಆಮೇಲೆ ನನಗೆ ಫೋನು ಮಾಡಿದ. “ಮಾಸ್ತರ, ಕೊಡ್ಲಿ ಮಸದು ಇಟ್ಟೀನಿ. ಅಂವ ಮಗಳ ಮನಿಗೆ ಮಾನ್ವಿಗೆ ಹೋಗ್ಲಿ, ಅಂವನ ಗಿಡಾನೂ ಇರಂಗಿಲ್ಲ. ಸಬೂತೂ ಇರಂಗಿಲ್ಲ, ಆ ಸಿನಿಮಾದಾಗಿನಂಗ!”

ಬುದ್ಧಿ ಹೇಳಿದರೆ ಕೇಳುವ ಆಸಾಮಿಯಲ್ಲ. ಕೋಳ ಬೀಳುವುದನ್ನು ಕಣ್ಣಾರೆ ತೋರಿಸಿದರೆ ಕೇಳಬಹುದೆಂದು ರಾಯಚೂರಿನ ನನ್ನ ಮನೆಗೆ ಕರೆಸಿದೆ. ಸೊಸೆ ಟೀವಿಯಲ್ಲಿ ಆ ಚಿತ್ರವನ್ನು ಹಚ್ಚಿಕೊಟ್ಟಳು. ಇನ್ಸ್‌ಪೆಕ್ಟರು ಬಾಗಿಲು ಬಡಿದ. ಅಭ್ಯಾಸಬಲದಿಂದ ನಾನು ಎದ್ದುನಿಂತೆ. “ಕೂಡ್ರಿ ಮಾಸ್ತರ, ಇವತ್ತಾರ ಕೂಡ್ರಿ” ಎಂದು ಹನುಮಂತಪ್ಪ ಗದರಿಸಿದ.

ತಂದೆ ಬಾಗಿಲು ತೆರೆದ. ಇನ್ಸ್‌ಪೆಕ್ಟರು ಅಂಗೈಯಲ್ಲಿದ್ದ ಗುಂಡಿಯನ್ನು ತೋರಿಸಿದ. ಗೋಡೆಯ ಮೇಲೆ ಹಾರ ಹಾಕಿದ್ದ ಮಗಳ ಫೋಟೊ ನೋಡಿದ. ಮೆಲ್ಲಗೆ ಅಂಗೈ ಮುಚ್ಚಿದ. ಶುಭಂ.

“ಮುಂದ?”

“ಮುಗೀತು.”

“ಹಿಡದನೋ, ಬಿಟ್ಟನೋ?”

“ನಮಗೇ ಬಿಟ್ಟಾರ.”

“ಮತ್ತ ಶುಭ ಯಾರಿಗ್ರೀ? ಇದಕ್ಕಂತ ಅವತ್ತು ಬಸ್ ಬಿಟ್ಟು ಕೂತಿದ್ರ, ದಾರ್ಯಾಗಿನ ಕಲ್ಮಲದ ತನಕ ನಡಕೋತ ನಿಮ್ಮನ್ನ ಬೈಕೋತ ಹೋಗ್ತಿದ್ದೆ!”

ಕಾನೂನಿನ ಪರವಾಗಿ ನಾನು ಕರೆಸಿದ ಏಕಮಾತ್ರ ಸಾಕ್ಷಿ ಹೀಗೆ ಕೈಕೊಟ್ಟಿತು. ಹನುಮಂತಪ್ಪ ಊರಿಗೆ ಹೋದ. ಫೋನಿಲ್ಲ. ನನ್ನ ದಿನಚರಿ ಕೆಟ್ಟಿತು. ಸ್ನಾನಕ್ಕೆ ಮೊದಲೇ ಪೇಪರು ಓದಿದೆ ಎಂದರೆ ನನ್ನ ಮನೆಯವರಿಗೆ ಅರ್ಥವಾಗುತ್ತದೆ. ಕೊನೆಗೆ ತಡೆಯದೆ ನಾನೇ ಫೋನು ಮಾಡಿ ಕೇಳಿದೆ, “ಕಡದಿಯೇನು?”

“ಕಡಿಯಾಕ ಹೋಗಿದ್ದೆರೀ. ಅಂವ ಮಾನ್ವಿಗೆ ಹೋಗಿದ್ದ. ನೆತ್ತಿ ಸುಡಾಕತ್ತಿತ್ತು. ಕಡಿಯೂದು ಇದ್ದದ್ದ ಅದ, ಮೊದಲ ಒಂದೀಟು ನೆರಳಿಗೆ ಕೂಡೂಣು ಅಂತ ಅದರ ಕೆಳಗ ಕೂತೆ.”

“ಆಮ್ಯಾಲ?”

“ನಿದ್ದಿ ಬಂತು. ಕಣ್ಣು ತೆರೆದ್ರ ಶರಣಪ್ಪ ಎದುರಿಗೆ ನಿಂತಾನ. ಕೊಡ್ಲಿ ನೋಡಿದ, ನನ್ನ ನೋಡಿದ, ಒಳಗ ಹೋದ. ಈಗ ದಿನಾ ಅಲ್ಲೇ ಕೂಡಾಕತ್ತೀನಿ, ಕೊಡ್ಲಿ ಬಾಜೂಕ ಇಟಗೊಂಡು. ನನ್ನ ಹೆಂಡ್ತಿ ಜ್ವಾಳ ಅಲ್ಲೇ ತರ್ತಾಳ. ಏಳು ಅನ್ನಾಕ ಶರಣಪ್ಪಗ ಬಾಯಿಲ್ಲ!”

ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ ವಕೀಲರೊಬ್ಬರನ್ನು ವಿಚಾರಿಸಿದೆ. ಅಂಗಳ ಹೊಕ್ಕಿದ್ದಕ್ಕೆ ಶರಣಪ್ಪ ದೂರು ಕೊಡಬಹುದಂತೆ. ಆದರೆ ಕೊಟ್ಟರೆ ಮೊದಲ ಮರದ ಮಾತು ಏಳುತ್ತದೆ. ಸೇಡು ತೀರಿಸಿಕೊಳ್ಳಲು ಹೋಗಿ ನಿದ್ದೆ ಮಾಡಿದವನಿಗೆ ಯಾವ ಶಿಕ್ಷೆ ಎಂದು ಕಾನೂನು ಬರೆದವರು ಯೋಚಿಸಿದಂತಿಲ್ಲ.

ಮೊನ್ನೆ ಬಂದ ಸುದ್ದಿ: ಶರಣಪ್ಪನೂ ಈಗ ಚಾಪೆ ತಂದು, ಬೆನ್ನು ತಿರುಗಿಸಿಕೊಂಡು ಅಲ್ಲೇ ಕೂರುತ್ತಾನಂತೆ. ತಗಡಿನ ಕೆಳಗೆ ಕೂತು ಬೇಯುವುದಕ್ಕಿಂತ ಇದು ಮೇಲು. ಬೇರೆ ನೆರಳಿಲ್ಲ, ಇದ್ದದ್ದನ್ನು ಕಡಿಸಿದವನು ತಾನೇ. ಒಂದೇ ಮರ, ಎರಡು ಬೆನ್ನು, ನಡುವೆ ಕೊಡಲಿ. ಯಾರು ಮೊದಲು ಮಾತಾಡುತ್ತಾರೋ ನೋಡಿಬರಲು ಜಾಲಹಳ್ಳಿಗೆ ಹೋಗಬೇಕೆಂದಿದ್ದೇನೆ. ಆದರೆ ಅಲ್ಲಿಂದ ಮರಳುವ ಕೊನೆಯ ಬಸ್ಸು ಬೇಗನೆ ಹೊರಡುತ್ತದಂತೆ.