ಲಿಂಗಮ್ಮಕ್ಕನ ಬೆರಕೆ ಸೊಪ್ಪು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗಿನ ಮಾತು. ಕುಶಾಲನಗರದ ಹತ್ತಿರ, ಹೊಳೆಯ ಈಚೆಗಿದ್ದ ನಮ್ಮ ಕೇರಿಯಲ್ಲಿ ಲಿಂಗಮ್ಮಕ್ಕ ಮಡಿಲು ಕಟ್ಟಿಕೊಂಡು ಹೊಲಕ್ಕಿಳಿದರೆ ನಾಲ್ಕು ಹೆಂಗಸರು ಹಿಂದೆ ಹೊರಡುತ್ತಿದ್ದರು. ಅಕ್ಕ ಹಾಸನದ ಕಡೆಯಿಂದ ಬಂದವರು. ಅಣ್ಣೆ, ಕನ್ನೆ, ಗಣಿಕೆ, ಯಾವ ಸೊಪ್ಪು ಎಷ್ಟು ಸೇರಿದರೆ ಬಸ್ಸಾರು ರುಚಿ ಎಂದು ಅವರನ್ನೇ ಕೇಳಬೇಕಿತ್ತು.

ಆ ಮಳೆಗಾಲದ ಮೊದಲಲ್ಲಿ ಊರೂರು ಸುತ್ತುವ ಕಣ್ಣಿನ ಡಾಕ್ಟರು ಬಂದರು. ಕನ್ನಡಕಕ್ಕೆ ಅಳತೆ ನೋಡಲು ಲಿಂಗಮ್ಮಕ್ಕನ ಕಣ್ಣಿಗೆ ಹನಿ ಬಿಟ್ಟು, "ಒಂದು ವಾರ ಹತ್ತಿರದ್ದು ಮಂಜಾಗಿ ಕಾಣುತ್ತದೆ. ಹೊಲಿಗೆ, ಅಕ್ಕಿ ಆರಿಸುವುದು ಬೇಡ" ಎಂದರು. ಸೊಪ್ಪಿನ ಮಾತು ಯಾರೂ ಎತ್ತಲಿಲ್ಲ.

"ಸೊಪ್ಪಿಗೆ ಕಣ್ಯಾಕೆ? ಕೈಗೇ ಗೊತ್ತು" ಎಂದು ಮೂರನೇ ದಿನ ಲಿಂಗಮ್ಮಕ್ಕ ಹೊಲಕ್ಕೆ ಹೋದರು. ಬದುವಿನ ಮೇಲೆ ಗಣಿಕೆಯ ಜೊತೆಗೆ ಉಮ್ಮತ್ತಿಯ, ಅಂದರೆ ದತ್ತೂರಿಯ, ಎಳೆಯ ಗಿಡಗಳೂ ಎದ್ದಿದ್ದವು.

ಅಂದು ಸೋಮವಾರ, ಅವರಿಗೆ ಉಪವಾಸ. ಆ ಸೊಪ್ಪಿನ ಬಸ್ಸಾರು ಉಂಡವರು ಮಗ ಸಣ್ಣಸ್ವಾಮಿ, ಸೊಸೆ ಚಲುವಮ್ಮ, ಮೊಮ್ಮಗಳು ದೊಡ್ಡಿ. ಸ್ವಲ್ಪ ಹೊತ್ತಿಗೆ ಮೂವರಿಗೂ ನಾಲಿಗೆ ಒಣಗಿತು, ಮುಖ ಕೆಂಪೇರಿತು. ಮಗು ಗಾಳಿಯಲ್ಲಿ ಏನನ್ನೋ ಹೆಕ್ಕತೊಡಗಿತು. ಸಣ್ಣಸ್ವಾಮಿ ಒಲೆಯ ಮುಂದೆ ನಿಂತು, "ಎತ್ತು ಬಿಚ್ಚಿದ್ಯಾರು? ಹಿಡೀರಿ" ಎಂದು ಗದರಿದ.

ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಕಾಂಪೌಂಡರ್ ಪೂವಯ್ಯ ಮೂವರ ಕಣ್ಣನ್ನೂ ನೋಡಿ, ಪಕ್ಕದಲ್ಲಿ ನಿಂತ ಲಿಂಗಮ್ಮಕ್ಕನ ಕಣ್ಣನ್ನೂ ನೋಡಿದ. ನಾಲ್ವರ ಪಾಪೆಯೂ ಒಂದೇ ಸಮ ಅರಳಿತ್ತು.

"ಇವರ ಹೊಟ್ಟೆಗೆ ಹೋಗಿದ್ದು ಉಮ್ಮತ್ತಿ, ಅಮ್ಮ. ಅದರಲ್ಲಿರೋ ಸತ್ವವೇ ನಿಮ್ಮ ಕಣ್ಣಿನ ಹನಿಯಲ್ಲೂ ಇರೋದು" ಎಂದ.

ಮೂವರೂ ಉಳಿದರು. ಮನೆಗೆ ಬಂದ ದಿನ ಚಲುವಮ್ಮ ಒಂದೇ ಮಾತು ಆಡಿದಳು: "ಅತ್ತೆ ಉಣ್ಣಲಿಲ್ಲ."

ಉಪವಾಸವೆಂದು ಅವಳಿಗೂ ಗೊತ್ತಿತ್ತು. ಆದರೂ ಆ ಮಾತು ಕೇರಿಯೆಲ್ಲ ಸುತ್ತಿತು. "ಲಿಂಗಮ್ಮಕ್ಕ, ಇವತ್ತು ಯಾರ ಮನೆಗೆ ಹುಚ್ಚು ಹಂಚ್ತೀರಿ?" ಎಂದು ನೀರಿನ ಹತ್ತಿರ ಗಂಗಮ್ಮ ನಕ್ಕಳು. ಲಿಂಗಮ್ಮಕ್ಕನ ಹಿಂದೆ ಹೊಲಕ್ಕೆ ಹೋಗುವುದನ್ನು ಹೆಂಗಸರು ನಿಲ್ಲಿಸಿದರು.

ಕನ್ನಡಕ ಬಂತು. ಎಲೆಯ ನರವೂ ಕಾಣುವಷ್ಟು ಚೆನ್ನಾಗಿತ್ತು. ಲಿಂಗಮ್ಮಕ್ಕ ದಿನವೂ ಸೊಪ್ಪು ತಂದು, ಒಂದೊಂದೇ ಎಲೆ ಬಿಡಿಸಿ, ಸೊಸೆಗೆ ಕಾಣುವಂತೆ ಮೊರದಲ್ಲಿ ಹರಡಿಡುತ್ತಿದ್ದರು. ಚಲುವಮ್ಮ ಮೊರವನ್ನು ಎತ್ತುತ್ತಿರಲಿಲ್ಲ. ಸಂಜೆಗೆ ಸೊಪ್ಪು ಬಾಡಿ ತಿಪ್ಪೆಗೆ ಬೀಳುತ್ತಿತ್ತು. ಒಂದು ವರ್ಷ ಹೀಗೇ ನಡೆಯಿತು.

ಒಂದು ಸೋಮವಾರ ಈಶ್ವರನ ಗುಡಿಯ ದಾರಿಯಲ್ಲಿ ಅವರು ಸಿಕ್ಕರು. ಮಡಿಲ ತುಂಬ ಬಿಳಿಯ ಉಮ್ಮತ್ತಿ ಹೂ.

"ಸೊಪ್ಪಿಗೆ ಹೋಗಲಿಲ್ವಾ, ಅಕ್ಕ?" ಎಂದೆ.

"ಬಿಟ್ಟೆ ಕಣವ್ವ. ಇವನೊಬ್ಬ ವಿಷ ಕುಡಿದೋನು, ನನ್ನ ಕೈಗೆ ಅಂಜಲ್ಲ."

ಹೂವಿಟ್ಟು ಕೈಮುಗಿದ ಮೇಲೆ, ಗುಡಿಯ ಬಾವಿಯಲ್ಲಿ ಮೂರು ಸಲ ಕೈ ತೊಳೆದುಕೊಂಡು ಮನೆಯ ದಾರಿ ಹಿಡಿದರು.