ವಿಜಾಪುರದ ಕಾಯ್ದೆ

ಚೌಕಾಬಾರದ ಮನೆಗಳು ಯಾವ ಊರಿಗೆ ಹೋದರೂ ಇಪ್ಪತ್ತೈದೇ. ಕವಡೆ ನಾಲ್ಕೇ. ಕಾಯ್ದೆ ಮಾತ್ರ ಊರಿಗೊಂದು. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಹತ್ತು ವರ್ಷದವಳು. ಈ ಕಾಯ್ದೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ದೊಡ್ಡವರ ಜೊತೆಗೂ ಟೊಂಕ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದೆ. "ಇದು ಹುಡುಗಿ ಅಲ್ಲವಾ, ವಕೀಲ" ಎನ್ನುತ್ತಿದ್ದಳು ಆಯಿ, ನನ್ನ ಅವ್ವನ ತಾಯಿ.

ಆಯಿಯ ಮನೆ ಬಬಲೇಶ್ವರದಲ್ಲಿ. ಅಲ್ಲಿನ ಕಾಯ್ದೆ ತೀರ ಸಸಾರ. ಹೊರಸುತ್ತು ಮುಗಿಸಿದ ಕಾಯಿ ಸುಮ್ಮನೆ ಒಳಸುತ್ತಿಗೆ ಹೋಗಿ ನಟ್ಟನಡುವಿನ ಮನೆ ಮುಟ್ಟಿದರೆ ಹಣ್ಣು. ತಿಕೋಟಾದ್ದು ಅದಕ್ಕಿಂತ ಬಿಗಿ. ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ನಿಮಗೆ ಒಳಗೆ ಹೋಗುವ ಹಾದಿಯೇ ಇಲ್ಲ. ನಿಮ್ಮ ನಾಲ್ಕರಲ್ಲಿ ಯಾವುದೋ ಒಂದು ಕಡಿದರೆ ನಾಲ್ಕಕ್ಕೂ ಬಾಗಿಲು ತೆರೆದಂತೆ. ನಮ್ಮ ವಿಜಾಪುರದ ಓಣಿಯಲ್ಲೂ ಆಡುತ್ತಿದ್ದದ್ದು ಹೀಗೆಯೇ, ಕೂದಲೆಳೆಯಷ್ಟೂ ಬೇರೆಯಲ್ಲ.

ಆದರೂ ನನಗೆ ಕಠಿಣವೆನಿಸುತ್ತಿದ್ದದ್ದು ಬಬಲೇಶ್ವರದ ಆಟವೇ. ಅಲ್ಲಿ ಒಂದೊಂದು ಕಾಯಿಯೂ ಒಬ್ಬೊಬ್ಬ ಮನುಷ್ಯ. ಅತ್ತೆ, ಸೊಸೆ, ತಲಾಠಿ, ಬಳೆಗಾರ, ಯಾರು ಬೇಕಾದರೂ ಆಗಬಹುದು. ಆದರೆ ಕಾಯಿ ನಡೆಸುವಾಗ ಅವರದೇ ದನಿಯಲ್ಲಿ ಮಾತಾಡಬೇಕು. ಇದರಲ್ಲಿ ಚಿಗವ್ವನನ್ನು ಮೀರಿಸುವವರಿರಲಿಲ್ಲ. ಅವಳು ನನ್ನ ಅವ್ವನ ಕೊನೆಯ ತಂಗಿ. ತಿಕೋಟಾಕ್ಕೆ ಕೊಟ್ಟಿದ್ದರು. ಅತ್ತೆಯೊಡನೆ ಮಾತಿಗೆ ಮಾತು ಬೆಳೆದು ತವರಿಗೆ ಬಂದು ಎಂಟು ತಿಂಗಳಾಗಿತ್ತು. ಗಂಡನ ಮನೆಯವರು ತಾವಾಗಿ ಕರೆಯಲು ಬರಬೇಕು, ತಾನಾಗಿ ಹೋಗುವುದು ನಮ್ಮಲ್ಲಿ ಇಲ್ಲ.

ಆ ಬೇಸಿಗೆಯಲ್ಲಿ ನಾನು ಸಾಲೆಯ ಸೂಟಿಗೆಂದು ಆಯಿಯ ಮನೆಗೆ ಬಂದಿದ್ದಾಗ ಹೇಳಿಕಳಿಸಿದರು, ಐತವಾರ ಬರುತ್ತೇವೆಂದು. ಮನೆಯವರೆಲ್ಲ ಹಿಗ್ಗಿದರು. ಚಿಗವ್ವ ಮಾತ್ರ ಮಧ್ಯಾಹ್ನ ಪಡಸಾಲೆಯ ಫರಸಿಗಲ್ಲಿನ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ನನ್ನನ್ನು ಕರೆದಳು.

"ಇವತ್ತ ಮಾತ ಇಟ್ಟ ಆಡತೇನಿ" ಎಂದಳು.

ಮಾತು ಇಡುವುದು ಆ ಮನೆಯ ರೂಢಿ. ಮನಸ್ಸಿನಲ್ಲಿ ಒಂದು ಕೆಲಸ ನೆನೆದು ಅದನ್ನು ಒಂದು ಕಾಯಿಯ ಮೇಲೆ ಹಾಕುವುದು. ಕಾಯಿ ಹಣ್ಣಾದರೆ ಕೆಲಸಕ್ಕೆ ಹೊರಡುವುದು, ಹೊರಗುಳಿದರೆ ಬಿಡುವುದು. ಆಯಿ ಎಮ್ಮೆ ಕೊಳ್ಳುವಾಗಲೂ ಹೀಗೆ ಆಡಿಯೇ ಸಂತೆಗೆ ಹೋದವಳು. ಚಿಗವ್ವ ಕೆಂಪು ಬಳೆಚೂರೊಂದನ್ನು ತೋರಿಸಿದಳು. "ಇದು ನಾ. ಹಣ್ಣಾದ್ರ ಆ ಮನಿಯಾಗ ನನ್ನ ಬಾಳೇವು ಆಗತೈತಿ, ಹೋಗತೇನಿ. ಇಲ್ಲಂದ್ರ ಒಲ್ಲೆ."

"ಹಂಗಾದ್ರ ಶಹರದ ಆಟ ಆಡೂಣು" ಎಂದೆ.

"ಆಗಲವಾ, ನಿಮ್ಮ ವಿಜಾಪುರದ ಕಾಯ್ದೇನ ನಡೀಲಿ." ಶಹರದ್ದೆಂದರೆ ಅವಳಿಗೆ ದೊಡ್ಡದು.

ಮೊದಲಿಗೇ ಅವಳ ಕರಿ ಬಳೆಚೂರು ನನ್ನ ಹುಣಸೆಬೀಜವನ್ನು ಕಡಿಯಿತು. ಕರಿಯದು ಅವಳ ಅತ್ತೆ. ಕೊರಳು ಕೊಂಕಿಸಿ ಅತ್ತೆಯ ದನಿ ತೆಗೆದಳು: "ಯಾಕ ಬೇ, ನೀರ ತರಾಕ ಹೋದಾಕಿ ಬಾಂವ್ಯಾಗ ಮನಿ ಕಟ್ಟಿಸಿದ್ದೇನ?" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ನಗಲಿಲ್ಲ. ಕೆಂಪು ಕಾಯಿಯೊಂದನ್ನೇ ಓಡಿಸಿಕೊಂಡು ಹೊರಸುತ್ತಿನ ಕೊನೆಯ ಮನೆಗೆ ತಂದಳು. ಅಲ್ಲಿಂದ ಹಣ್ಣಾಗಲು ಒಂಬತ್ತು ಬೇಕು. ಕವಡೆ ಉರುಳಿಸಿದಳು, ಎಂಟು. ಎಂಟು ಬಿದ್ದರೆ ಮತ್ತೊಂದು ಸಲ ಉರುಳಿಸಬೇಕು. ಉರುಳಿಸಿದಳು, ಒಂದು. ಎರಡೂ ಕೈ ಬಾಯಿಗೆ ಅಡ್ಡ ಹಿಡಿದುಕೊಂಡಳು.

ಇವಳು ಹೋದರೆ ಈ ಮನೆಯಲ್ಲಿ ನನಗೆ ಯಾರು?

"ಅದು ಒಳಗ ಹೋಗಂಗಿಲ್ಲ" ಎಂದುಬಿಟ್ಟೆ.

"ಯಾಕ? ನಾ ಕಡದೇನಲ್ಲ?"

"ಅತ್ತಿ ಕಡದಾಳ. ಸೊಸಿ ಕಡದಿಲ್ಲ. ವಿಜಾಪುರದಾಗ ಯಾವ ಕಾಯಿ ಕಡದಿರತೈತಿ ಅದಕ್ಕಷ್ಟ ಹಾದಿ."

ಯಾವ ಊರಿನಲ್ಲೂ ಇಲ್ಲದ ಕಾಯ್ದೆ. ಆ ಕ್ಷಣಕ್ಕೆ ನನ್ನ ನಾಲಿಗೆಯಲ್ಲಿ ಹುಟ್ಟಿದ್ದು. ಕೆಂಪು ಕಾಯಿಯ ಮುಂದೆ ಕಡಿಯಲು ನನ್ನ ಕಾಯಿ ಒಂದೂ ಇರಲಿಲ್ಲ, ಹಿಂದೆ ಬರಲು ಆಗುವುದಿಲ್ಲ. "ನಡುವ ಕಾಯ್ದೆ ಬದಲ ಮಾಡಬಾರದು, ಖರೆ" ಎಂದು ಚಿಗವ್ವ ಅಂಗೈಯಿಂದ ಮನೆಗಳನ್ನು ಒರೆಸಿದಳು.

ಐತವಾರ ಅವಳ ಗಂಡನೇ ಬಂದ, ಜೊತೆಗೆ ಅವನ ಕಾಕಾ. ಹಸಿರು ಸೀರೆ ತಂದಿದ್ದರು. ಚಿಗವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು "ನಾ ಒಲ್ಲೆ" ಎಂದಳು. ಆಯಿ ಬೈದಳು, ಅತ್ತಳು, ಕೈ ಮುಗಿದಳು. "ಯಾಕಂತರ ಹೇಳ ಬೇ, ನಿನ್ನ ಕಾಲಿಗಿ ಬೀಳತೇನಿ!"

ಚಿಗವ್ವ ನನ್ನತ್ತ ನೋಡಿದಳು. ಒಂದು ಮಾತು ಸಾಕಿತ್ತು. ಎಲ್ಲರ ಮುಂದೆ ವಾದ ಹೂಡುವ ಈ ವಕೀಲೆ ಆಯಿಯ ಬೆನ್ನ ಹಿಂದೆ ಸರಿದಳು. ಅವರು ಸೀರೆಯನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಹೋದರು. ಮರುವರ್ಷ ಅವನು ಬೇರೆ ಲಗ್ನವಾದ.

ಆಮೇಲೆ ನಾನು ಆಡಲಿಲ್ಲ. ಆಟವೇ ನನ್ನನ್ನು ಬಿಡಲಿಲ್ಲ. ವಿಜಾಪುರದ ಸಾಲೆಯಲ್ಲಿ ಕೂತರೆ ಕಣ್ಣು ತಾನಾಗಿ ನೆಲದ ಫರಸಿ ಎಣಿಸುತ್ತಿತ್ತು, ಎಂಟು, ಮೇಲೊಂದು. ಓಣಿಯಲ್ಲಿ ಯಾರ ಕೈಯಲ್ಲಿ ಬಳೆ ಒಡೆದರೂ ಚೂರು ಕೆಂಪೋ ಎಂದು ನೋಡುತ್ತಿದ್ದೆ. ಮನೆಯವರಿಗೆ ಹೇಳಲು ಭಯ, ಹೇಳದಿದ್ದರೆ ನಿದ್ದೆಯಿಲ್ಲ.

ದಶಕದ ಕೊನೆಗೆ ನನ್ನ ಲಗ್ನ ಗೊತ್ತಾಯಿತು. ಅವ್ವನ ಜೊತೆ ಕರೆಯಲೆಂದು ಬಬಲೇಶ್ವರಕ್ಕೆ ಹೋದೆ. ಅದೇ ಪಡಸಾಲೆ. ಚಿಗವ್ವ ಓಣಿಯ ಹುಡುಗಿಯರನ್ನು ಕೂಡಿಸಿಕೊಂಡು ಆಡುತ್ತಿದ್ದಳು. ಒಬ್ಬ ಹುಡುಗಿ ಅಳುತ್ತಿದ್ದಳು, ಅವಳ ಕಾಯಿ ಕೊನೆಯ ಮನೆಯಲ್ಲಿ ನಿಂತಿತ್ತು.

"ನಿನ್ನ ಈ ಕಾಯಿ ಕಡದಿಲ್ಲ, ಒಳಗ ಬರಂಗಿಲ್ಲ" ಎಂದು ಉಳಿದವರು ಗದ್ದಲ ಹಾಕಿದರು. "ಇದು ವಿಜಾಪುರದ ಕಾಯ್ದೆ!"

ನಾನು ಅವರ ನಡುವೆ ಹೋಗಿ ಕೂತೆ. "ಚಿಗವ್ವ, ಅದು ಸುಳ್ಳ ಕಾಯ್ದೆ. ನೀ ಹೋಗಬಾರದಂತ ನಾನ ಹುಟ್ಟಿಸಿದ್ದು. ನಮ್ಮಲ್ಲೂ ಒಂದು ಕಡದ್ರ ಎಲ್ಲಕ್ಕೂ ಹಾದಿ."

ಅವಳ ಮುಷ್ಟಿಯೊಳಗೆ ಕವಡೆಗಳ ಸಪ್ಪಳ ನಿಂತಿತು. ಆ ಹುಡುಗಿಯ ಕಾಯಿಯನ್ನು ಅವಳೇ ಎತ್ತಿ ಒಳಗಿಟ್ಟಳು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ನನ್ನ ಮುಖ ನೋಡದೆ ಕೇಳಿದಳು: "ಹಂಗಾದ್ರ ಅವತ್ತ ನಂದು ಹಣ್ಣಾಗಿತ್ತಲ್ಲವಾ?"

"ಆಗಿತ್ತು."

"ಎಂಟು ಬಿದ್ದಿತ್ತು" ಎಂದಳು ಚಿಗವ್ವ. "ಎಂಟರ ಮ್ಯಾಲ ಒಂದು."