ಕೇರಿಯ ಒಲೆ ಕೇರಿಯದೇ

ಮೊಮ್ಮಗಳ ಸುದ್ದಿ ಹೇಳಲು ಕೂತರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ, ಮೊದಲು ನಗುವೇ ಬಂದುಬಿಡುತ್ತದೆ. ನಾನು ಓದಿದ್ದು ಎರಡನೇ ಇಯತ್ತೆ. ಅವಳು ಹೊಸಪೇಟೆಯಲ್ಲಿ ಕಾಲೇಜು ಮುಗಿಸಿ, ಈಗ ಕುರೆಕುಪ್ಪದ ಕಡೆ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದಾಳೆ. ರಜೆ ಸಿಕ್ಕರೆ ಸಾಕು, ನಮ್ಮೂರು ಮೆಟ್ರಿಗೆ, ನಮ್ಮ ಕೇರಿಗೆ ಓಡಿ ಬರುತ್ತಾಳೆ.

ಹಾಗೆ ಒಮ್ಮೆ ಬಂದವಳು, ನಾನು ಅಕ್ಕಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಅಮೆರಿಕದ ಕಪ್ಪು ಜನರ ಕಥೆ ತೆಗೆದಳು. ಅಲ್ಲಿ ಅವರನ್ನು ಬಸ್ಸಿನಲ್ಲಿ, ಹೋಟೆಲಿನಲ್ಲಿ ಬೇರೆ ಇಡುತ್ತಿದ್ದರಂತೆ.

"ಅಲ್ಲೂ ನಮ್ಮಂಥೋರು ಅದಾರೇನು?" ಎಂದೆ.

"ಅದಾರ ಅಜ್ಜಿ. ಕಾನೂನು ಬದಲಾದ್ರೂ ಅವರ ಕೇರ್ಯಾಗ ಹಸಿವು, ಪೊಲೀಸ್ರ ಲಾಠಿ ತಪ್ಪಲಿಲ್ಲ. ಆವಾಗ ಅಲ್ಲಿ ಹುಡುಗ್ರು, ಹುಡುಗೇರು ಎದ್ದು ನಿಂತ್ರು. ಕಪ್ಪು ಜನರ ಕೈಗೆ ಶಕ್ತಿ ಬರಬೇಕು ಅಂದ್ರು. ನಮ್ಮ ಬಣ್ಣ ಚಂದ ಐತಿ, ನಮ್ಮ ಶಾಲಿ, ನಮ್ಮ ಅಂಗಡಿ, ನಮ್ಮ ಓಟು ನಮ್ಮ ಕೈಯಾಗ ಇರಬೇಕು ಅಂದ್ರು."

"ಬರೇ ಅಂದ್ರೋ, ಏನರ ಮಾಡಿದ್ರೋ?"

ಅವಳು ನಕ್ಕಳು. "ಮಾಡಿದ್ರು. ಕೇರಿ ತಾಯಂದ್ರನ್ನೂ ಕೂಡಿಸ್ಕೊಂಡು, ಮುಂಜಾನೆದ್ದು ಮಕ್ಳಿಗೆ ನಾಷ್ಟಾ ಮಾಡಿ ಹಾಕಿ ಶಾಲಿಗೆ ಕಳಿಸಿದ್ರು."

ಆ ಮಾತು ನನಗೆ ಹಿಡಿಸಿತು. ಭತ್ತದ ನಾಟಿಯ ಸಮಯದಲ್ಲಿ ನಮ್ಮ ಹೆಣ್ಣುಮಕ್ಕಳು ಬೆಳಕು ಹರಿಯುವ ಮುಂಚೆಯೇ ಗದ್ದೆಗೆ ಹೋಗುತ್ತಾರೆ. ಮಕ್ಕಳು ಬರೀ ಚಹಾ ಕುಡಿದು ಶಾಲೆಗೆ ಹೋಗುತ್ತವೆ. "ಹಂಗಾರ ನಾವೂ ಮಾಡಾಣ," ಎಂದೆ. ಆ ವಾರವೇ ಕೇರಿಯ ಸಮುದಾಯ ಭವನದ ಮುಂದೆ ಒಲೆ ಹೂಡಿದೆವು. ಮೊಮ್ಮಗಳು ರವೆ, ಎಣ್ಣೆ ತಂದಳು. ಅಡುಗೆ ನನ್ನದು.

ನಾಟಿ ಅರ್ಧ ಮುಗಿಯುವ ಹೊತ್ತಿಗೆ ಡಬ್ಬಿಗಳ ತಳ ಕಾಣತೊಡಗಿತು. ಒಲೆ ಆರಿಹೋದರೆ ಮಕ್ಕಳ ಮುಖ ಹೇಗೆ ನೋಡುವುದೆಂದು ನನಗೆ ಒಳಗೇ ಅಳುಕು. ಮೊಮ್ಮಗಳು ಮತ್ತೆ ರಜೆಗೆ ಬಂದಿದ್ದ ಅಂಥ ಒಂದು ಬೆಳಿಗ್ಗೆ ಊರಿನ ಧಣಿ ಕಾರಿನಲ್ಲಿ ಬಂದರು. ಅವರ ಆಳು ಅಕ್ಕಿಯ ಚೀಲ ಇಳಿಸಿದ.

ನಾನು ಏನು ಮಾಡಿದೆ ಅಂತೀರಿ? ಎದ್ದು ಹೋಗಿ ಅವರ ಮುಂದೆ ಸೆರಗು ಒಡ್ಡಿ ನಿಂತುಬಿಟ್ಟೆ! ಚೀಲದ ಅಕ್ಕಿ ಸೆರಗಿನಲ್ಲಿ ಹಿಡಿಯುತ್ತದೆಯೇ? ಆದರೆ ಸುಗ್ಗಿಯ ಕಣದಲ್ಲಿ ನಮ್ಮವ್ವನೂ ನಾನೂ ಹಾಗೆಯೇ ನಿಂತು, ಮೇಲಿಂದ ಸುರಿದ ಕಾಳು ಹಿಡಿದವರು. ಕೈಗೆ ಕೈ ತಾಗಬಾರದಿತ್ತಲ್ಲ.

"ಚಲೋ ಕೆಲ್ಸ ಹಚ್ಚೀಯಬೇ," ಎಂದರು ಧಣಿ. "ಅಕ್ಕಿ ನಾ ಕಳಿಸ್ತೀನಿ. ಇಲ್ಲೊಂದು ನಮ್ಮಪ್ಪಾರ ಹೆಸರಿನ ಬೋರ್ಡು ಹಾಕ್ರಿ. ಅಡಿಗಿಗೆ ನಮ್ಮ ಕಡಿ ಹೆಣ್ಮಗಳು ಬರ್ತಾಳ. ಹಂಗಾದ್ರ ಊರ ಮಕ್ಳೂ ಬಂದು ತಿಂತಾವ."

ಮೊಮ್ಮಗಳೇ ಉತ್ತರ ಕೊಡುತ್ತಾಳೆ ಎಂದುಕೊಂಡೆ. ಓದಿದವಳಲ್ಲವೇ. ಅವಳು ನನ್ನ ಪಕ್ಕ ಬಂದು ನಿಂತು, "ಅಜ್ಜಿ, ಒಲಿ ನಿಂದು. ನೀನ ಹೇಳು," ಎಂದಳು.

ಸೆರಗು ಕೈಬಿಟ್ಟು, ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಧಣಿ, ಅಕ್ಕಿ ಕೊಟ್ರ ಭಾಳ ಸಂತೋಷ. ಬೋರ್ಡು ಬ್ಯಾಡ. ಅಡಿಗಿ ನಾನ ಮಾಡ್ತೀನಿ. ಊರ ಮಕ್ಳು ಬರ್ಲಿ, ಚಾಪಿ ದೊಡ್ಡದೈತಿ. ನೀವೂ ಕುಂದ್ರಿ, ಉಪ್ಪಿಟ್ಟು ಬಿಸಿ ಐತಿ."

"ನಂದು ಮನ್ಯಾಗ ಆಗೇತಿ," ಎಂದರು ಅವರು. ಆಳಿಗೆ ಕಣ್ಸನ್ನೆ ಮಾಡಿದರು. ಚೀಲ ಮತ್ತೆ ಕಾರು ಹತ್ತಿತು.

ಎದುರು ಮನೆಯ ನನ್ನ ಗೆಳತಿ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು. "ಏ ಮುದುಕಿ, ಬಂದ ಅಕ್ಕೀನ ಓಡಿಸಿದೆಲ್ಲ! ನಾಳಿಗೇನು ನಿನ್ನ ಬಾಯಿ ಕುದಿಸ್ತೀಯೇನು?"

"ನಿನ್ನ ಮನಿ ಗಡಿಗ್ಯಾಗ ಏನೈತೋ ಅದನ್ನ ಕುದಿಸ್ತೀನಿ," ಎಂದೆ. ಕೇರಿ ಕೇರಿಯೇ ನಕ್ಕಿತು.

ಬೈದವಳೇ ಸಂಜೆ ಮೊರದ ತುಂಬ ಅಕ್ಕಿ ತಂದಳು. ಅವಳ ಹಿಂದೆ ಗದ್ದೆಯಿಂದ ಬಂದ ಹೆಣ್ಣುಮಕ್ಕಳು, ಕಾಲಿನ ಕೆಸರೂ ತೊಳೆಯದೆ, ಒಬ್ಬೊಬ್ಬರಾಗಿ ತಂದು ಸುರಿದರು. ಮರುದಿನ ಮಕ್ಕಳಿಗೆ ಚಿತ್ರಾನ್ನ. ಧಣಿ ಹೇಳಿದ ಊರ ಮಕ್ಕಳು ಇನ್ನೂ ಬಂದಿಲ್ಲ, ಬಂದರೆ ಬಡಿಸುತ್ತೇನೆ.

ಅಷ್ಟು ದೂರದ ದೇಶದಲ್ಲಿ ಮುಂಜಾನೆ ಎದ್ದು ಒಲೆ ಹಚ್ಚಿದ ಆ ಕಪ್ಪು ತಾಯಂದಿರ ಮುಖ ನಾನು ಕಂಡಿಲ್ಲ. ಅವರ ಹೊಟ್ಟೆ ತಣ್ಣಗಿರಲಿ. ಇಷ್ಟು ವರ್ಷ ನನಗೆ ಎಲ್ಲರೂ ಹೇಳಿದವರೇ: ಅಲ್ಲಿ ನಿಲ್ಲು, ಇದನ್ನು ಹಿಡಿ, ಅದನ್ನು ಮುಟ್ಟಬೇಡ. ಮೊಮ್ಮಗಳು ಮಾತ್ರ, ಎಲ್ಲರ ಎದುರಿಗೆ, ನನ್ನನ್ನು ಕೇಳಿದಳು.